ನಡುವೆ ನಿಂತವರು ಯಾರ ಕಡೆ? ಬ್ರೋಕರ್‌, ಏಜೆಂಟ್‌, ಮೀಡಿಯೇಟರ್‌: ಒಂದು ಪದಪರಿಚಯ

‘ಮಧ್ಯವರ್ತಿಗಳಿಗೆ ಪ್ರವೇಶವಿಲ್ಲ’ ಅನ್ನೋ ಬೋರ್ಡು ನೀವು ಸರ್ಕಾರಿ ಕಚೇರಿಗಳಲ್ಲಿ ನೋಡಿರುತ್ತೀರಿ. ಸಾಮಾನ್ಯವಾಗಿ ಅದರ ಕೆಳಗೇ ಒಬ್ಬರು ಫೈಲು ಹಿಡಿದು ನಿಂತಿರುತ್ತಾರೆ. ತಮಾಷೆ ಅಂದರೆ, ಗಂಡ ಹೆಂಡತಿ ಜಗಳಕ್ಕೆ ಕೋರ್ಟು ನೇಮಿಸುವವರಿಗೂ, ಅಡಿಕೆ ಮಾರಿಸುವವರಿಗೂ, ಫೇಸ್‌ಬುಕ್‌ ಕಂಪನಿಗೂ ಕನ್ನಡ ಪತ್ರಿಕೆಗಳು ಬಳಸುವುದು ಇದೇ ಒಂದು ಪದ: ಮಧ್ಯವರ್ತಿ. ಇಂಗ್ಲಿಷಿನಲ್ಲಿ ಇವರೆಲ್ಲರಿಗೂ ಬೇರೆ ಬೇರೆ ಹೆಸರಿದೆ. ಆ ವ್ಯತ್ಯಾಸ ನಮಗ್ಯಾಕೆ ಬೇಕು ಅಂದರೆ, ‘ಮಧ್ಯವರ್ತಿಗಳನ್ನು ತೆಗೆದುಹಾಕುತ್ತೇವೆ’ ಅಂತ ಯಾವ ಪಕ್ಷದವರೇ ಹೇಳಲಿ, ಯಾರನ್ನು ಅಂತ ಕೇಳೋಕೆ ಮೊದಲು ಹೆಸರು ಗೊತ್ತಿರಬೇಕು.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರವನ್ನೇ ತಗೊಳ್ಳಿ. ಬಸ್ಸಿನಲ್ಲಿ ಕೇಳಿದರೆ ಎಚ್‌.ಡಿ. ಪುರ. ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನದ ಊರು. ಈ ಭಾಗದಲ್ಲಿ ಎರಡೆಕರೆ ಅಡಿಕೆ ತೋಟ ಇರುವ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನ ಮತ್ತು ಗುಟ್ಕಾ ಕಂಪನಿಯ ನಡುವೆ ಎಷ್ಟು ಜನ ಇದ್ದಾರೆ?

ಮೊದಲು ಬರೋದು ಚೇಣಿದಾರ. ಕೆಲವು ಕಡೆ ಕೇಣಿದಾರ ಅಂತಲೂ ಅಂತಾರೆ. ಮರದಲ್ಲಿರುವ ಫಸಲಿಗೇ ರೇಟು ಮಾತಾಡಿ ಅಡ್ವಾನ್ಸ್‌ ಕೊಡುತ್ತಾನೆ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಅವನದೇ. ನಾವು ಅವನನ್ನೂ ದಲ್ಲಾಳಿ ಅಂತ ಬೈತೀವಿ. ಆದರೆ ಇಂಗ್ಲಿಷ್‌ ಲೆಕ್ಕದಲ್ಲಿ ಅವನು ಬ್ರೋಕರ್‌ ಅಲ್ಲ, ಟ್ರೇಡರ್‌. ಮಾಲು ಅವನದಾಗಿರುತ್ತದೆ, ರೇಟು ಬಿದ್ದರೆ ಮುಳುಗುವವನೂ ಅವನೇ. ಸಡಿಲವಾಗಿ ‘ಮಿಡಲ್‌ಮ್ಯಾನ್‌’ ಅನ್ನಬಹುದು. ಬೆಳೆದವರಿಗೂ ಬಳಸುವವರಿಗೂ ನಡುವೆ ಇರುವ ಎಲ್ಲರನ್ನೂ ಸೇರಿಸಿ ಬೈಯಲು ಇಂಗ್ಲಿಷಿನಲ್ಲಿರುವ ಪದ ಅದು.

ಬ್ರೋಕರ್‌ ಅಂದರೆ ಮಾಲು ತನ್ನದಲ್ಲದೆ, ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿ ಕಮಿಷನ್‌ ತೆಗೆದುಕೊಳ್ಳುವವನು. ಪೀಪಾಯಿಗೆ ತೂತು ಹೊಡೆದು ವೈನನ್ನು ಚಿಲ್ಲರೆಯಾಗಿ ಮಾರುವವನಿಗೆ ಹಳೇ ಫ್ರೆಂಚಿನಲ್ಲಿದ್ದ ಪದದಿಂದ ಇದು ಬಂತು ಅಂತಾರೆ. ನಮ್ಮ ದಲ್ಲಾಳಿ ಅರಬ್ಬಿಯ ‘ದಲ್ಲಾಲ್‌’ನಿಂದ ಬಂದದ್ದು. ಅದರ ಮೂಲದಲ್ಲಿರುವುದು ದಾರಿ ತೋರಿಸುವ ಅರ್ಥ. ಒಳ್ಳೇ ಹೆಸರೇ, ಆಮೇಲೆ ಕೆಟ್ಟಿತು.

ಏಜೆಂಟ್‌ ಹಾಗಲ್ಲ. ಏಜೆಂಟ್‌ ನಡುವೆ ನಿಲ್ಲುವವನೇ ಅಲ್ಲ, ಒಂದು ಕಡೆಯವನು. 1872ರ ಭಾರತೀಯ ಕರಾರು ಕಾಯ್ದೆಯ 182ನೇ ಸೆಕ್ಷನ್‌ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರ ಜೊತೆ ವ್ಯವಹರಿಸುವಾಗ ಅವರನ್ನು ಪ್ರತಿನಿಧಿಸಲು ನೇಮಕವಾದವನು ಏಜೆಂಟ್‌. 213ನೇ ಸೆಕ್ಷನ್‌ ಪ್ರಕಾರ ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಲೇಬೇಕು. ನೇಮಿಸಿದವನ ಒಪ್ಪಿಗೆ ಇಲ್ಲದೆ ಆ ವ್ಯವಹಾರದಲ್ಲಿ ತಾನೇ ಕೊಳ್ಳುವವನಾಗಿ ಲಾಭ ಮಾಡಿಕೊಂಡರೆ, ಆ ಲಾಭವನ್ನು ಕೇಳುವ ಹಕ್ಕು ನೇಮಿಸಿದವನಿಗಿದೆ (216).

ಈಗ ಮಂಡಿಗೆ ಬನ್ನಿ. ನಮ್ಮ ರೈತ ಚೇಣಿಗೆ ಕೊಡದೆ ತಾನೇ ಒಣಗಿಸಿ ಭೀಮಸಮುದ್ರಕ್ಕೋ ಚನ್ನಗಿರಿಗೋ ಶಿವಮೊಗ್ಗಕ್ಕೋ ಒಯ್ದ ಅಂದುಕೊಳ್ಳಿ. ಅಲ್ಲಿರುವವನ ಹೆಸರು ‘ಕಮಿಷನ್‌ ಏಜೆಂಟ್‌’. ಯಾರ ಏಜೆಂಟು? ಹೆಸರಿನ ಪ್ರಕಾರ ರೈತನವನು. ಕರ್ನಾಟಕದ ಎಪಿಎಂಸಿ ಕಾನೂನಿನಲ್ಲಿ ಕಮಿಷನ್ ಪಡೆಯಬೇಕಾದ್ದು ಖರೀದಿದಾರನಿಂದ, ರೈತನಿಂದ ಹಿಡಿಯುವಂತಿಲ್ಲ. ಆದರೂ ‘ಬಿಳಿ ಚೀಟಿ’ ವ್ಯವಹಾರದ ದೂರು ರಾಜ್ಯದ ಮಾರುಕಟ್ಟೆಗಳಲ್ಲಿ ಹಳೆಯದು. ಅಧಿಕೃತ ರಸೀದಿ ಇಲ್ಲ, ಒಂದು ಖಾಲಿ ಕಾಗದದ ಮೇಲೆ ತೂಕ, ರೇಟು, ಮುರಿದುಕೊಂಡ ಕಮಿಷನ್‌. ಅದೇ ಮಂಡಿಯವರು ಮಗಳ ಮದುವೆಗೆ ಸಾಲ ಕೊಟ್ಟಿದ್ದರೆ ರೈತ ಬೇರೆ ಅಂಗಡಿಗೆ ಹೋಗುವಂತೆಯೂ ಇಲ್ಲ, ಲೆಕ್ಕ ಕೇಳುವ ಬಾಯಿಯೂ ಇರೋದಿಲ್ಲ. ಹೆಸರು ಏಜೆಂಟ್‌, ಕೆಲಸ ಸಾಲಗಾರನ ಯಜಮಾನನದ್ದು.

2020ರ ಕೃಷಿ ಕಾಯ್ದೆಗಳ ಚರ್ಚೆಯಲ್ಲಿ ಕಳೆದುಹೋಗಿದ್ದೂ ಇದೇ. ‘ಮಧ್ಯವರ್ತಿಗಳಿಂದ ಮುಕ್ತಿ’ ಅಂದರು. ಪಂಜಾಬಿನ ಆಢ್ತಿಯಾ, ನಮ್ಮ ಮಂಡಿಯವರು, ಚೇಣಿದಾರ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದರು. ಈ ಜಾಗಕ್ಕೆ ಒಂದು ದೊಡ್ಡ ಕಂಪನಿ ಬಂದರೆ ಅದು ಮಧ್ಯವರ್ತಿ ಅಲ್ಲವಾ ಅನ್ನೋ ಪ್ರಶ್ನೆಗೆ ಉತ್ತರ ಬರಲಿಲ್ಲ. 2021ರ ನವೆಂಬರ್‌ನಲ್ಲಿ ಆ ಕಾಯ್ದೆಗಳೇ ವಾಪಸ್‌ ಆದವು.

‘ಇಂಟರ್‌ಮೀಡಿಯರಿ’ ಇವತ್ತು ಮುಖ್ಯವಾಗಿ ಇಂಟರ್ನೆಟ್‌ ಕಾನೂನಿನ ಪದ. 2000ದ ಐಟಿ ಕಾಯ್ದೆಯ 79ನೇ ಸೆಕ್ಷನ್‌ ಪ್ರಕಾರ, ಬೇರೆಯವರು ಹಾಕಿದ ಪೋಸ್ಟಿಗೆ ಷರತ್ತುಗಳಿಗೊಳಪಟ್ಟು ಈ ಕಂಪನಿಗಳು ಹೊಣೆಯಲ್ಲ. ನಾವು ಬರೀ ಅಂಚೆಯಣ್ಣ ಅನ್ನೋದು ವಾದ. ನಾನು ಇಂಜಿನಿಯರಿಂಗ್‌ ಓದಿದವನು. ಸಾಫ್ಟ್‌ವೇರಿನಲ್ಲಿ ‘ಮೆಸೇಜ್‌ ಬ್ರೋಕರ್‌’ ಅಂತ ಒಂದಿದೆ, ಕೊಟ್ಟ ಸಂದೇಶವನ್ನು ಕೇಳಿದವರಿಗೆ ತಲುಪಿಸೋದಷ್ಟೇ ಅದರ ಕೆಲಸ, ಕಮಿಷನ್‌ ಕೇಳಲ್ಲ. ಯಾರಿಗೆ ಏನು ಮೊದಲು ಕಾಣಬೇಕು ಅಂತ ನಿರ್ಧರಿಸಿ ಅದರ ಪಕ್ಕ ಜಾಹೀರಾತು ಮಾರುವವರನ್ನು ಅಂಚೆಯಣ್ಣ ಅನ್ನೋದು ಕಷ್ಟ.

ಜಗಳದ ವಿಷಯಕ್ಕೆ ಬಂದರೆ ಮೂರು ಪದಗಳನ್ನು ಬೆರೆಸಬಾರದು. ಮೀಡಿಯೇಟರ್‌ ತೀರ್ಪು ಕೊಡಲ್ಲ, ಎರಡೂ ಕಡೆಯವರೇ ಒಪ್ಪಂದಕ್ಕೆ ಬರುವಂತೆ ಮಾತಾಡಿಸುತ್ತಾರೆ. ಇವರಿಗೆ ಕನ್ನಡದಲ್ಲಿ ‘ಮಧ್ಯಸ್ಥಗಾರ’ ಸರಿ. ಆರ್ಬಿಟ್ರೇಟರ್‌ ತೀರ್ಪು ಕೊಡುತ್ತಾರೆ, 1996ರ ಕಾಯ್ದೆಯಡಿ ಅದನ್ನು ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಎಮಿಸರಿ ಅಂದರೆ ಒಂದು ಪಕ್ಷ ಕಳಿಸಿದ ರಾಯಭಾರಿ. ಊರೂರಲ್ಲಿ ಆಡುವ ‘ಶ್ರೀಕೃಷ್ಣ ಸಂಧಾನ’ ನಾಟಕದ ಕೃಷ್ಣ ಎಮಿಸರಿ, ಮೀಡಿಯೇಟರ್‌ ಅಲ್ಲ. ಪಾಂಡವರ ಕಡೆಯಿಂದಲೇ ಹೋದವನು, ಅದು ದುರ್ಯೋಧನನಿಗೂ ಗೊತ್ತಿತ್ತು.

ಈ ಬೆರಕೆಯಿಂದ ನಿಜವಾಗಿ ಪೆಟ್ಟು ಬೀಳೋದು ಹಳ್ಳಿಯ ರಾಜಿ ಪಂಚಾಯ್ತಿಯಲ್ಲಿ. ದಲಿತ ಕುಟುಂಬದ ಮೇಲೆ ಹಲ್ಲೆಯಾದಾಗ ‘ಊರ ಹಿರಿಯರು ಮಧ್ಯಸ್ಥಿಕೆ ವಹಿಸಿ ರಾಜಿ ಮಾಡಿಸಿದರು’ ಅಂತ ಸುದ್ದಿ ಬರುತ್ತದೆ. ಹಲ್ಲೆ ಮಾಡಿದವರ ನೆಂಟರೇ ಕೂತು ಮಾಡಿಸಿದ್ದು ಯಾವ ಭಾಷೆಯಲ್ಲೂ ಮಧ್ಯಸ್ಥಿಕೆ ಆಗಲ್ಲ. 2023ರ ಮೀಡಿಯೇಷನ್‌ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಜಾಗ ಇದೆ, ನಿಜ. ಆದರೆ ಅದು ನೆರೆಹೊರೆಯ ಶಾಂತಿ ಸೌಹಾರ್ದಕ್ಕೆ ಸಂಬಂಧಪಟ್ಟ ವ್ಯಾಜ್ಯಗಳಿಗೆ. ದೌರ್ಜನ್ಯದ ಕೇಸು ಕೂತು ಮುಗಿಸುವ ವ್ಯಾಜ್ಯವಲ್ಲ, ಅಪರಾಧ.

ಇನ್ನು ‘ಮಧ್ಯಪ್ರವೇಶ’, ಇಂಗ್ಲಿಷಿನ ಇಂಟರ್ವೆನ್ಷನ್‌. ಎರಡು ರಾಜ್ಯಗಳ ನೀರಿನ ಜಗಳದಲ್ಲಿ ಕೇಂದ್ರ ಮಧ್ಯಪ್ರವೇಶಿಸಲಿ ಅಂದರೆ ಅರ್ಥ ಇದೆ. ಭದ್ರಾ ಮೇಲ್ದಂಡೆಯ ವಿಷಯದಲ್ಲಿ ಅದೇ ಮಾತು ಕೇಳಿದಾಗ ನನಗೆ ನಗು ಬರುತ್ತದೆ. 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದ್ದೇ ಕೇಂದ್ರ. ಆ ದುಡ್ಡಿಗಾಗಿ ಚಿತ್ರದುರ್ಗದ ಜನ ಬೀದಿಗಿಳಿದಿದ್ದಾರೆ. ಕೊಡಬೇಕಾದವರು ನಡುವೆ ನಿಲ್ಲುವವರಲ್ಲ, ಎದುರಿಗೆ ಕೂರುವವರು.

ಕೊನೆಯದು ‘ಇಮ್ಮೀಡಿಯೆಟ್‌’. ತಕ್ಷಣ ಅಂತ ನಾವು ಬಳಸುವ ಈ ಪದದ ಮೂಲಾರ್ಥ ‘ನಡುವೆ ಯಾರೂ ಇಲ್ಲದ್ದು’. ಗೃಹಲಕ್ಷ್ಮಿಯ 2,000 ರೂಪಾಯಿ ಹೀಗೇ ನೇರವಾಗಿ ಖಾತೆಗೆ ಬರುತ್ತದೆ. ಅದು ಸಣ್ಣ ಸಾಧನೆಯಲ್ಲ, ಹಿಂದೆ ಮನಿಯಾರ್ಡರ್‌ ಪಿಂಚಣಿಯಲ್ಲಿ ಹತ್ತಿಪ್ಪತ್ತು ಮುರಿಯುತ್ತಿದ್ದದ್ದು ಯಾರಿಗೆ ಗೊತ್ತಿಲ್ಲ. ಆದರೆ ಆಧಾರ್‌ ಜೋಡಣೆ ತಪ್ಪಿ ದುಡ್ಡು ನಿಂತಾಗ ಆ ಹೆಂಗಸು ಹೋಗೋದು ಸೈಬರ್‌ ಅಂಗಡಿಗೆ. ಅಲ್ಲಿ ಕೂತ ಹುಡುಗ ಪಾಸ್‌ಬುಕ್‌ ನೋಡಿ, ಮೊಬೈಲಿಗೆ ಬಂದ ಒಟಿಪಿ ಕೇಳಿ, ಏನೋ ಒತ್ತಿ, ಐವತ್ತು ರೂಪಾಯಿ ಕೊಡಕ್ಕ ಅಂತಾನೆ. ಸರ್ಕಾರದ ಯಾವ ಬೋರ್ಡಿನಲ್ಲೂ ಅವನ ಹೆಸರಿಲ್ಲ. ಅವನಿಗೆ ಏನಂತ ಕರೆಯೋದು ಅಂತ ನಾನಿನ್ನೂ ಹುಡುಕುತ್ತಿದ್ದೇನೆ.