ಸೇಡಿಂಬದ ಮುನ್ನೂರ್ವರೂ ಬಸದಿಯ ತೋಟವೂ

ರಾವೂರ, ವಾಡಿ, ಶಹಾಬಾದ ಈ ಭಾಗದ ನೆಲವನ್ನು ಬಲ್ಲವರಿಗೆ ಇಲ್ಲಿ ತೋಟವೆಂಬುದು ಎಷ್ಟು ದುರ್ಲಭವಾದ ವಸ್ತುವೆಂದು ಹೇಳಬೇಕಾಗಿಲ್ಲ. ಮೇಲೆ ಕರಿಯ ಎರೆಮಣ್ಣು, ಕೆಳಗೆ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಆ ಕಲ್ಲು ಶಹಾಬಾದ ಫರಸಿ ಎಂಬ ಹೆಸರಿನಿಂದ ನಾಡಿನ ಮನೆಮನೆಯ ನೆಲಕ್ಕೂ ಜಿನಾಲಯಗಳ ಅಂಗಳಕ್ಕೂ ಹಾಸಲ್ಪಟ್ಟಿದೆ. ಮಳೆಯನ್ನೇ ನಂಬಿದ ಈ ಹೊಲಗಳಲ್ಲಿ ತೊಗರಿ, ಜೋಳಗಳು ಬರುತ್ತವೆ. ಆದರೆ ವರ್ಷವಿಡೀ ಹಸಿರಾಗಿರುವ ತೋಟಕ್ಕೆ ಬಾವಿ ಬೇಕು. ಬಾವಿಗೆ ಕಲ್ಲನ್ನು ಒಡೆಯುವ ಹತ್ತಾರು ಕೈಗಳು ಬೇಕು. ಒಬ್ಬ ಗೃಹಸ್ಥನ ಶಕ್ತಿಯಿಂದ ಆಗುವ ಕಾರ್ಯ ಅದಲ್ಲ. ಆದಕಾರಣವೇ ಈ ಸೀಮೆಯ ಹಳೆಯ ಶಾಸನಗಳಲ್ಲಿ ‘ತೋಂಟ’ ಎಂಬ ಶಬ್ದ ಬಂದಾಗಲೆಲ್ಲ ಅದರ ಹಿಂದೆ ಒಂದು ಊರು ಇದೆಯೆಂದು ತಿಳಿಯುವುದು ಯುಕ್ತ.

ರಾವೂರಿನಿಂದ ಬಹುದೂರವಿಲ್ಲದ ಸೇಡಂ, ಅಂದಿನ ಸೇಡಿಂಬ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಪ್ರಸಿದ್ಧವಾದ ಅಗ್ರಹಾರವಾಗಿತ್ತು. ಅದರ ಒಡೆಯರು ಮುನ್ನೂರ್ವರು ಮಹಾಜನರು. ಅವರು ನಾರಾಯಣನ ಭಕ್ತರು, ಅರವತ್ತನಾಲ್ಕು ಕಲೆಗಳಲ್ಲಿ ಪರಿಣತರು. ಅಭಿಚಾರ ಹೋಮದ ಬಲದಿಂದ ಕಾಂಚಿಯ ಬಾಗಿಲನ್ನೇ ಒಡೆದವರೆಂಬ ಹೊಗಳಿಕೆಯೂ ಅವರಿಗೆ ಸಂದಿದೆ. ಈ ಹೊಗಳಿಕೆಯಲ್ಲಿ ಇತಿಹಾಸವೆಷ್ಟು, ಕವಿಯ ಉತ್ಸಾಹವೆಷ್ಟು ಎಂಬುದನ್ನು ಓದುಗರೇ ನಿರ್ಣಯಿಸಬಹುದು. ಆದರೆ ಇದೇ ಮಹಾಜನರು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 1124ರಲ್ಲಿ, ತಮ್ಮ ಊರಿನಲ್ಲಿ ಶಾಂತಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿದರೆಂಬುದು ನಿಶ್ಚಿತವಾದ ಸಂಗತಿ. ಪ್ರಭಾಚಂದ್ರ ತ್ರೈವಿದ್ಯ ಭಟ್ಟಾರಕರು ಅಲ್ಲಿನ ಜೈನ ಗುರುಗಳು. ಬಸದಿಯ ಪೂಜೆಗೂ ಪೋಷಣೆಗೂ ಮಹಾಜನರು ಭೂಮಿ, ತೋಟ, ಗಾಣಗಳನ್ನು ಬಿಟ್ಟುಕೊಟ್ಟರು. ಈ ಶಾಸನವನ್ನು ವಿದ್ವಾಂಸರಾದ ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿ ಬೆಳಕಿಗೆ ತಂದರು.

ವೈದಿಕ ಬ್ರಾಹ್ಮಣರ ಒಂದು ಸಭೆ ಜಿನಬಿಂಬಕ್ಕೆ ಆಲಯವನ್ನೂ ತೋಟವನ್ನೂ ಕೊಟ್ಟ ಈ ಘಟನೆಯನ್ನು ನಮ್ಮ ಸಭೆಗಳಲ್ಲಿ ‘ಧರ್ಮಸಮನ್ವಯ’ ಎಂಬ ಒಂದೇ ಶಬ್ದದಲ್ಲಿ ಮುಗಿಸಿಬಿಡುವ ರೂಢಿಯುಂಟು. ಅದು ಸಾಲದು. ಬಸದಿಯನ್ನು ಒಂದು ಸಲ ಕಟ್ಟಿದರೆ ಮುಗಿಯಿತು, ತೋಟ ಹಾಗಲ್ಲ. ತೋಟವನ್ನು ಪ್ರತಿದಿನವೂ ಕಟ್ಟಬೇಕು. ಅಷ್ಟವಿಧಾರ್ಚನೆಗೆ ಹೂವು ಹಣ್ಣು, ಋಷಿಯರ ಆಹಾರದಾನಕ್ಕೆ ಧಾನ್ಯ ಕಾಯಿಪಲ್ಯ, ನಂದಾದೀವಿಗೆಗೆ ಗಾಣದ ಎಣ್ಣೆ, ಇವೆಲ್ಲ ನಿತ್ಯವೂ ಬರಬೇಕಾದರೆ ನೀರಿನ ಸರದಿಯನ್ನು ಯಾರೋ ನೋಡಬೇಕು, ಬೇಲಿಯನ್ನು ಯಾರೋ ಕಾಯಬೇಕು, ಎಲ್ಲೆಯ ಕಲ್ಲು ಜರುಗಿದರೆ ಊರೇ ಸೇರಿ ಮತ್ತೆ ನಿಲ್ಲಿಸಬೇಕು. ದತ್ತಿಯ ಶಾಸನಗಳು ಭೂಮಿಯನ್ನು ಕೋಲಿನಿಂದ ಅಳೆದು, ಮತ್ತರಿನ ಲೆಕ್ಕದಲ್ಲಿ ಹೇಳಿ, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಮರ, ಹುತ್ತಗಳ ಸಹಿತ ಸೂಚಿಸುವುದು ಇದಕ್ಕಾಗಿಯೇ. ಆ ಎಲ್ಲೆಗೆ ಸಾಕ್ಷಿ ಪಕ್ಕದ ಹೊಲದವನು. ಅವನು ಶೈವನಿರಬಹುದು, ವೈಷ್ಣವನಿರಬಹುದು. ಶಾಪವಾಕ್ಯವೂ ಎಲ್ಲರಿಗೂ ಒಂದೇ: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪವೆಂಬ ಮಾತು ಶಿವಾಲಯದ ದತ್ತಿಯಲ್ಲಿರುವಂತೆ ಜಿನಾಲಯದ ದತ್ತಿಯಲ್ಲಿಯೂ ಬರುತ್ತದೆ.

ಇದರೊಡನೆ ಹೋಲಿಸಲು ಇನ್ನೊಂದು ಪ್ರಸಿದ್ಧ ಉದಾಹರಣೆಯಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಿ ಮಾಡಿಸಿದನು. ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಕಟ್ಟಳೆಯಾಯಿತು. ಆ ರಾಜನ ನ್ಯಾಯ ಸ್ತುತ್ಯವೇ. ಆದರೂ ಅದು ಕಲಹವಾದ ಮೇಲೆ, ರಾಜಾಜ್ಞೆಯಿಂದ, ಕಾವಲುಗಾರರ ಸಹಿತ ಬಂದ ಸ್ನೇಹ. ಸೇಡಿಂಬದ್ದು ಅಂತಹುದಲ್ಲ. ಅಲ್ಲಿ ಮಹಾಜನರು ತಮ್ಮ ನೆಲವನ್ನು ತಾವೇ ಅಳೆದುಕೊಟ್ಟರು. ಎರಡರಲ್ಲಿ ಯಾವುದು ಹೆಚ್ಚಿನದೆಂದು ಕೇಳಿದರೆ, ಎರಡು ನೂರು ವರ್ಷ ಹಿಂದಿನ ಆ ತೋಟವನ್ನೇ ತೋರಿಸಬೇಕಾಗುತ್ತದೆ.

ಇಲ್ಲಿ ಶ್ರಾವಕರ ಮನಸ್ಸಿನಲ್ಲಿ ಏಳುವ ಒಂದು ಶಂಕೆಯನ್ನು ಬದಿಗಿಡಲಾಗದು. ಮಣ್ಣನ್ನು ಅಗೆಯುವುದು, ನೀರನ್ನು ಎತ್ತುವುದು, ಕಳೆಯನ್ನು ಕೀಳುವುದು, ಇವೆಲ್ಲ ಏಕೇಂದ್ರಿಯ ಜೀವಗಳಿಂದ ಮೊದಲುಗೊಂಡು ಎರೆಹುಳುವಿನವರೆಗೆ ಅನೇಕ ಜೀವಗಳ ಪೀಡೆಗೆ ಕಾರಣವಾಗುತ್ತವೆ. ಕೃಷಿ ನಮ್ಮವರಿಗೆ ಸಲ್ಲದು, ವ್ಯಾಪಾರವೇ ನಿರ್ದೋಷ ಎಂಬ ಭಾವನೆ ಪಟ್ಟಣದ ಕುಟುಂಬಗಳಲ್ಲಿ ಬಲವಾಗಿದೆ. ಆದರೆ ಬೆಳೆಯನ್ನು ಕೊಂಡು ತಿನ್ನುವವನು ಆ ಹಿಂಸೆಯಿಂದ ಹೊರಗೆ ನಿಂತನೆಂದು ಹೇಳಲು ಯಾವ ಆಚಾರ್ಯರೂ ಒಪ್ಪಲಾರರು. ಆದಿತೀರ್ಥಂಕರನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಬಳಿಕ ಕೃಷಿಯೇ ಬರುತ್ತದೆಂಬುದನ್ನು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ನಿರೂಪಿಸಿದ್ದಾರೆ. ಆ ಆಚಾರ್ಯರನ್ನು ಗುರುವೆಂದು ಗೌರವಿಸಿದ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಡದಲ್ಲಿದೆ.

ಇನ್ನೂ ಸ್ಪಷ್ಟವಾಗಿ ಹೇಳಿದವರು ಸೋಮದೇವಸೂರಿಗಳು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಾಮಂತರಾದ ಚಾಲುಕ್ಯರ ಆಶ್ರಯದಲ್ಲಿ ಅವರು 959ರಲ್ಲಿ ಯಶಸ್ತಿಲಕವನ್ನು ಪೂರ್ಣಗೊಳಿಸಿದರು. ಅದರಲ್ಲಿ ಅವರು ಬೆಸ್ತನನ್ನೂ ಬೇಸಾಯಗಾರನನ್ನೂ ಎದುರುಬದುರಾಗಿ ನಿಲ್ಲಿಸುತ್ತಾರೆ. ಬಲೆಯಲ್ಲಿ ಮೀನು ಬೀಳದ ದಿನವೂ ಮೊದಲನೆಯವನ ಸಂಕಲ್ಪ ಕೊಲ್ಲುವುದರಲ್ಲಿಯೇ ಇದೆ. ನೇಗಿಲಿನಡಿ ಜೀವಗಳು ಸತ್ತರೂ ಎರಡನೆಯವನ ಸಂಕಲ್ಪ ಬೆಳೆಯುವುದರಲ್ಲಿದೆ. ಪಾಪದ ತೂಕ ಸಂಕಲ್ಪದಲ್ಲಿದೆಯೆಂಬುದು ಅವರ ಅಭಿಪ್ರಾಯ. ಮುಂದಿನವರು ಸಂಕಲ್ಪೀ ಹಿಂಸೆ, ಆರಂಭೀ ಹಿಂಸೆ, ಉದ್ಯೋಗೀ ಹಿಂಸೆ, ವಿರೋಧೀ ಹಿಂಸೆ ಎಂದು ವಿಭಾಗಿಸಿ, ಗೃಹಸ್ಥನು ಮೊದಲನೆಯದನ್ನು ಸರ್ವಥಾ ಬಿಡಬೇಕು, ಉಳಿದವನ್ನು ಎಚ್ಚರದಿಂದ ಕಡಿಮೆ ಮಾಡಬೇಕು ಎಂದದ್ದು ಇದೇ ದಾರಿಯ ಮಾತು. ಇದನ್ನು ಸಡಿಲಿಕೆಯೆಂದು ತಿಳಿಯಬಾರದು. ಎಚ್ಚರವೆಂಬುದೇ ಕಠಿಣವಾದ ಕೆಲಸ. ಗಡ್ಡೆಗೆಣಸುಗಳನ್ನು ಕೀಳದೆ ಹೀರೆ, ಪಡವಲ, ಸೋರೆ, ತೊಂಡೆಗಳಂತಹ ಬಳ್ಳಿಗಳನ್ನು ಹಬ್ಬಿಸಿದರೆ ಕಾಯಿ ಕೊಯ್ದರೂ ಬಳ್ಳಿ ಬದುಕುತ್ತದೆ. ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ನೀರಿಗೆ ಬಿಡುವ ನಮ್ಮ ಅಜ್ಜಿಯರ ಕ್ರಮವೂ ತೋಟದ ಶಾಸ್ತ್ರವೇ. ಸುಟ್ಟು ಸ್ವಚ್ಛಮಾಡುವುದು, ಕೆರೆಯನ್ನು ಬತ್ತಿಸುವುದು ನಿಷಿದ್ಧವಾದ ಕರ್ಮಾದಾನಗಳಲ್ಲಿ ಸೇರಿವೆ. ಹೊಲದಲ್ಲಿ ಕೂಳೆಯನ್ನು ಸುಡುವ ಇಂದಿನ ಅಭ್ಯಾಸವನ್ನು ಕಂಡವರಿಗೆ ಆ ನಿಷೇಧ ಹಳೆಯದೆನಿಸುವುದಿಲ್ಲ.

ಸೋಮದೇವರು ಗ್ರಂಥ ಮುಗಿಸಿದ ಕಾಲದಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಅಪಭ್ರಂಶದ ಮಹಾಕವಿ ಪುಷ್ಪದಂತನು ರಾಜರ ಸಹವಾಸದಿಂದ ಬೇಸತ್ತು, ದೂರದಾರಿ ನಡೆದು ಬಳಲಿ, ನಗರದ ಹೊರಗಿನ ಒಂದು ಉದ್ಯಾನದಲ್ಲಿ ಬಂದು ಕುಳಿತನು. ಅಮ್ಮಯ್ಯ, ಇಂದ್ರರಾಯ ಎಂಬ ಇಬ್ಬರು ಬಂದು, ಊರೊಳಗೆ ಬಾರದೆ ಇಲ್ಲೇಕೆ ಕುಳಿತಿರುವೆ ಎಂದು ಕೇಳಿದರು. ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಕಾಡಿನಲ್ಲಿ ಸಿಕ್ಕಿದ್ದನ್ನು ತಿಂದು ಸಾಯುವುದು ಲೇಸೆಂದು ಕವಿ ಉತ್ತರಿಸಿದನು. ಅವರು ಬಿಡಲಿಲ್ಲ, ಮಂತ್ರಿ ಭರತನ ಗುಣಗಳನ್ನು ಹೇಳಿ ಒಲಿಸಿ ಕರೆದೊಯ್ದರು. ಭರತನ ಆಶ್ರಯದಲ್ಲಿದ್ದು ಪುಷ್ಪದಂತನು 965ರಲ್ಲಿ ಮಹಾಪುರಾಣವನ್ನು ಮುಗಿಸಿದನು. ಭರತನ ಮಗ ನನ್ನನೂ ಆ ಕವಿಯನ್ನು ಸಲಹಿದನು. ಮೂರು ಕಾವ್ಯಗಳು ಲೋಕಕ್ಕೆ ಉಳಿದದ್ದು ಇಬ್ಬರು ದಾರಿಹೋಕರು ಮರದ ನೆರಳಿನಲ್ಲಿದ್ದ ಅಪರಿಚಿತನನ್ನು ಮಾತಾಡಿಸಿದ್ದರಿಂದ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದಾಗ, ತಾನಿನ್ನು ಎಲ್ಲಿ ಇರಲಿ ಎಂದು ಮುದಿಕವಿ ಗೋಳಿಟ್ಟನು.

ಬಸದಿಗಳ ತೋಟಗಳಿಗೂ ಅಂತಹ ಗತಿ ಬಂದಿತು. ಆದರೆ ಸೂರೆಯಿಂದಲ್ಲ, ನಿಧಾನವಾಗಿ. ಪೂಜೆಯ ಹೂವು ಪೇಟೆಯಿಂದ ಬರತೊಡಗಿತು. ಜಮೀನು ಗೇಣಿಗೆ ಹೋಯಿತು. ಗೇಣಿಯ ಲೆಕ್ಕದ ಹೊರತು ಉಳುವವನಿಗೂ ಶ್ರಾವಕರಿಗೂ ಬೇರೆ ಮಾತು ಉಳಿಯಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ದೊರೆಯಿತು. ಸಂಸ್ಥೆಗಳಿಗೆ ತಸ್ತೀಕು ನಿಗದಿಯಾಯಿತು. ಈ ಬಗ್ಗೆ ನಮ್ಮ ಹಿರಿಯರಲ್ಲಿ ಹಲವರಿಗೆ ಕೊರಗಿದೆ. ಕೊರಗಿನ ಮುನ್ನ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ದತ್ತಿಶಾಸನಗಳಲ್ಲಿ ಕೊಟ್ಟ ಅರಸ, ಕೊಂಡ ಆಚಾರ್ಯ, ಬರೆದ ಲೇಖಕ, ಕಂಡರಿಸಿದ ರೂವಾರಿ ಇವರ ಹೆಸರುಗಳು ಬರುತ್ತವೆ. ತೋಟಕ್ಕೆ ನೀರೆತ್ತಿದವನ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಎಂಟು ನೂರು ವರ್ಷ ಅವನನ್ನು ಕಲ್ಲು ಮರೆತಿತ್ತು, ಕಾನೂನು ನೆನೆಯಿತು. ಅಪರಿಗ್ರಹವನ್ನು ವ್ರತವಾಗಿ ಹಿಡಿದವರು ಇದನ್ನು ನಷ್ಟವೆಂದು ಬರೆದುಕೊಳ್ಳುವುದು ಸರಿಯಲ್ಲ.

ಹಾಗೆಂದು ಎಲ್ಲವೂ ಹೋಯಿತೆಂದೂ ಅಲ್ಲ. ಬಸದಿಯ ಹಿತ್ತಿಲು, ಛತ್ರದ ಪಕ್ಕದ ಬಯಲು, ಮುಚ್ಚಿಹೋದ ಬಾವಿಯ ಸುತ್ತಲಿನ ತುಂಡುನೆಲ ಅನೇಕ ಟ್ರಸ್ಟುಗಳ ಕೈಯಲ್ಲಿ ಇನ್ನೂ ಇರಬಹುದಾಗಿದೆ. ಅವುಗಳಲ್ಲಿ ಮುಳ್ಳುಜಾಲಿ ಬೆಳೆದರೆ ಯಾರೂ ಪ್ರಶ್ನಿಸುವುದಿಲ್ಲ. ಫರಸಿ ಹಾಸಿ ಮಂಟಪ ಕಟ್ಟಿದರೆ ದಾನಿಗಳ ಹೆಸರಿನ ಫಲಕ ಏಳುತ್ತದೆ. ಅರ್ಧ ಎಕರೆಯಲ್ಲಿ ಎಂಟು ಹತ್ತು ಮನೆಯವರು ಪಾತಿಗಳನ್ನು ಹಂಚಿಕೊಂಡು, ಪೂಜೆಗೆ ಹೂವನ್ನೂ ಮನೆಗೆ ಕಾಯನ್ನೂ ಬೆಳೆಯುವುದು ಅಂತಹ ಮಹಾಕಾರ್ಯವಲ್ಲ. ಆ ಎಂಟು ಹತ್ತರಲ್ಲಿ ಜೈನರ ಮನೆಗಳೇ ಇರಬೇಕೆಂದಿಲ್ಲ. ಈ ಜಿಲ್ಲೆಯಲ್ಲಿ ಅಷ್ಟು ಜೈನ ಮನೆಗಳಿರುವ ಊರುಗಳೂ ಕೆಲವೇ. ಪಕ್ಕದ ಕೇರಿಯ ಲಿಂಗಾಯತರು, ಕಲ್ಲುಗಣಿಯಲ್ಲಿ ದುಡಿಯುವ ಕುಟುಂಬಗಳು, ಮುಸಲ್ಮಾನರು ಸೇರಿದರೆ ನೀರಿನ ಸರದಿಯ ಜಗಳಗಳೂ ಬರುತ್ತವೆ, ಬೀಜದ ವಿನಿಮಯವೂ ಆಗುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವವರ ಪಾತಿಯ ಮೆಂತೆ ಆಗ ಪಕ್ಕದ ಮನೆಗೆ ಹೋಗುತ್ತದೆ. ಬಹುಬೀಜವೆಂದು ಬದನೆಯನ್ನು ಒಲ್ಲದ ಮನೆಯವರು ಅದೇಕೆಂದು ಅಲ್ಲಿಯೇ ವಿವರಿಸಬೇಕಾಗುತ್ತದೆ. ಪರ್ಯೂಷಣದ ಪ್ರವಚನಕ್ಕೆ ಬಾರದವರೂ ಈ ವಿವರಣೆಯನ್ನು ಕೇಳುತ್ತಾರೆ.

ಟ್ರಸ್ಟಿನವರು ಮೊದಲು ಮಾಡಬೇಕಾದುದು ಪಹಣಿಯನ್ನು ತೆಗೆದು ನೋಡುವುದು: ಯಾವ ನೆಲ ಇನ್ನೂ ಬಸದಿಯ ಹೆಸರಿನಲ್ಲಿದೆ, ಅದರ ಬಾವಿ ಎಲ್ಲಿ, ಕಳೆದ ಬೇಸಿಗೆಯಲ್ಲಿ ಅದರಲ್ಲಿ ನೀರಿತ್ತೇ, ಅದರ ಬೇಲಿಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ. ಆ ಕೊನೆಯವನನ್ನು ಮುಂದಿನ ಸಭೆಗೆ ಕರೆದು ಕೂರಿಸಿ, ಅವನ ಹೆಸರನ್ನು ನಡಾವಳಿಯ ಪುಸ್ತಕದಲ್ಲಿ ಬರೆಯತಕ್ಕದ್ದು.