ತೊಟ್ಟಿಲು ಕಟ್ಟದ ಕಾರ್ಖಾನೆ

1977ರ ಬೇಸಿಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾಥ್ರೋಪ್ ಎಂಬ ಊರು. ಅಲ್ಲಿನ ಆಕ್ಸಿಡೆಂಟಲ್ ಕಂಪನಿಯ ಕೀಟನಾಶಕ ಘಟಕದ ಕೆಲಸಗಾರರು ತಮ್ಮತಮ್ಮಲ್ಲೇ ಒಂದು ಮಾತಾಡಿಕೊಳ್ಳುತ್ತಿದ್ದರು: ನಮ್ಮಲ್ಲಿ ಯಾರಿಗೂ ಯಾಕೆ ಮಕ್ಕಳಾಗುತ್ತಿಲ್ಲ?

ಕೊನೆಗೆ ಕೆಲವರು ವೀರ್ಯ ಪರೀಕ್ಷೆಗೆ ಒಪ್ಪಿದರು. ಡಾ. ಡೊನಾಲ್ಡ್ ವೋರ್ಟನ್ ತಂಡ ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬರೆಯಿತು. ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿರದ 25 ಗಂಡಸರಲ್ಲಿ 14 ಮಂದಿಗೆ ವೀರ್ಯಾಣು ತೀರಾ ಕಡಿಮೆ, ಇಲ್ಲವೇ ಒಂದೂ ಇಲ್ಲ. ಅವರ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಹಾಗಾಗಿ ನೋಡಲು ಗಟ್ಟಿಮುಟ್ಟಾಗಿದ್ದರು, ಅನುಮಾನ ಬರುವಂತಿರಲಿಲ್ಲ. ಹೆಚ್ಚು ವರ್ಷ ಕೆಲಸ ಮಾಡಿದವರಿಗೆ ಹೆಚ್ಚು ಪೆಟ್ಟು ಬಿದ್ದಿತ್ತು.

ಕಾರಣ ಡಿಬಿಸಿಪಿ. ಬೇರಿಗೆ ಕಾಡುವ ಜಂತುಹುಳು ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ರಾಸಾಯನಿಕ. ಇದು ಇಲಿಗಳ ವೃಷಣವನ್ನು ಕುಗ್ಗಿಸುತ್ತದೆ ಎಂದು ತಯಾರಕ ಕಂಪನಿಗಳಾದ ಡೌ ಮತ್ತು ಶೆಲ್‌ಗೆ ಗೊತ್ತಿತ್ತು. ಆ ಪ್ರಯೋಗದ ಫಲಿತಾಂಶ 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಅದು ಕೆಲಸಗಾರರನ್ನು ಮುಟ್ಟಲೇ ಇಲ್ಲ. ಸುದ್ದಿ ಹೊರಬಿದ್ದ ಮೇಲೂ ಪೀಚ್ ಬೆಳೆಗಾರರ ಸಂಘದ ಒಬ್ಬ ಅಧಿಕಾರಿ ಸರ್ಕಾರಕ್ಕೆ ಪತ್ರ ಬರೆದು, ಇನ್ನು ಮಕ್ಕಳು ಬೇಡ ಎನ್ನುವವರನ್ನೇ ಈ ಕೆಲಸಕ್ಕೆ ಹಾಕಬಹುದಲ್ಲ ಎಂದು ಸೂಚಿಸಿದ!

1979ರಲ್ಲಿ ಅಮೆರಿಕ ಬಹುತೇಕ ಬಳಕೆಯನ್ನು ನಿಲ್ಲಿಸಿತು. ಹವಾಯಿಯ ಅನಾನಸ್ ತೋಟಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಅಷ್ಟರಲ್ಲಿ ಕೋಸ್ಟರಿಕಾ, ನಿಕರಾಗುವಾದ ಬಾಳೆ ತೋಟಗಳ ಸಾವಿರಾರು ಕೂಲಿಗಳು ಇದೇ ವಿಷಕ್ಕೆ ಒಡ್ಡಿಕೊಂಡಿದ್ದರು. ಅವರ ಮೊಕದ್ದಮೆಗಳು ದಶಕಗಟ್ಟಲೆ ನಡೆದವು.

ಲ್ಯಾಥ್ರೋಪ್ ಸುದ್ದಿಯಾದ ಮರುವರ್ಷ, 1978ರ ಜುಲೈ 25ರಂದು, ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅಲ್ಲಿಂದ ಮುಂದೆ ಈ ಎರಡು ಕಥೆಗಳೂ ಒಂದೇ ದಾರಿಗೆ ಬಂದವು. ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ 2004ರಿಂದ ಸಂತಾನ ಚಿಕಿತ್ಸೆಗೆ ಬಂದ ದಂಪತಿಗಳನ್ನು ಅಧ್ಯಯನ ಮಾಡತೊಡಗಿತು. 325 ಮಹಿಳೆಯರ ಕುರಿತ ಅದರ 2018ರ ವರದಿಯಂತೆ, ಕೀಟನಾಶಕದ ಉಳಿಕೆ ಹೆಚ್ಚಿರುವ ಹಣ್ಣು-ತರಕಾರಿ ಹೆಚ್ಚು ತಿಂದವರಲ್ಲಿ ಚಿಕಿತ್ಸೆ ಫಲಿಸಿದ್ದು ಕಡಿಮೆ. ಮಿಷಿಗನ್ ಮತ್ತು ಟೆಕ್ಸಾಸ್‌ನ 501 ಜೋಡಿಗಳ ಇನ್ನೊಂದು ಅಧ್ಯಯನದಲ್ಲಿ, ಗಂಡನ ಮೈಯಲ್ಲಿ ಪ್ಲಾಸ್ಟಿಕ್ಕಿಗೆ ಬೆರೆಸುವ ಕೆಲವು ಥ್ಯಾಲೇಟ್‌ಗಳು ಹೆಚ್ಚಿದ್ದರೆ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿದಿತ್ತು. ಇವು ನಂಟನ್ನು ತೋರಿಸುತ್ತವೆ, ಇದೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೆ ಇಬ್ಬರನ್ನೂ ಪರೀಕ್ಷಿಸಬೇಕು ಎಂಬುದನ್ನಂತೂ ಸ್ಪಷ್ಟಪಡಿಸಿವೆ.

ನಮ್ಮೂರುಗಳಲ್ಲಿ 'ಬಂಜೆ' ಎಂಬ ಮಾತು ಹೆಣ್ಣಿಗೆ ಮಾತ್ರ ಇದೆ. ಹರಕೆ, ಮಾತ್ರೆ, ಸ್ಕ್ಯಾನಿಂಗ್ ಎಲ್ಲ ಮೊದಲು ಅವಳಿಗೇ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಬರಿಗೈಯಲ್ಲಿ 'ಔಷಧಿ' ಹೊಡೆಯುವ ಗಂಡನನ್ನು ಯಾರೂ ಏನೂ ಕೇಳುವುದಿಲ್ಲ. ಲ್ಯಾಥ್ರೋಪಿನ ಗಂಡಸರು ನಾಚಿಕೆ ಬಿಟ್ಟು ಪರೀಕ್ಷೆಗೆ ನಿಂತಿದ್ದರಿಂದಲೇ ಒಂದು ವಿಷ ಬಯಲಿಗೆ ಬಂತು.