ಕಾರ್ಡು ಬಂತು, ಮಾತ್ರೆ ಎಲ್ಲಿ? ಕರ್ನಾಟಕದ ಆರೋಗ್ಯ ಚರ್ಚೆ ನಡೆದು ಬಂದ ದಾರಿ

ಬಡವರ ಕೈಗೆಟಕುವ ಚಿಕಿತ್ಸೆಯ ಬಗ್ಗೆ ಈಗ ಬರುವ ಲೇಖನಗಳು ಬಹುಪಾಲು 2003ರ ಯಶಸ್ವಿನಿ ವಿಮೆಯಿಂದ ಶುರುವಾಗುತ್ತವೆ, ಇಲ್ಲವೇ 2018ರ ಆಯುಷ್ಮಾನ್ ಭಾರತದಿಂದ. ಟಿವಿ ಚರ್ಚೆಗಳಂತೂ ಯೋಜನೆಗೆ ಯಾರ ಹೆಸರಿಡಬೇಕು, ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂಬ ಜಗಳದಲ್ಲೇ ಮುಗಿದುಹೋಗುತ್ತವೆ. ವಿಮೆ ಬರುವ ಮುಂಚೆ ಈ ನಾಡಿನಲ್ಲಿ ಆರೋಗ್ಯದ ರಾಜಕಾರಣವೇ ಇರಲಿಲ್ಲವೇನೋ ಎಂದು ಹೊಸಬರಿಗೆ ಅನಿಸಿದರೆ ತಪ್ಪು ಅವರದಲ್ಲ, ಬರೆದವರದು.

ಹಳೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1898ರ ಪ್ಲೇಗಿನಿಂದ ತತ್ತರಿಸಿದ್ದ ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಮಂಜೂರಾತಿ ಕೊಟ್ಟಿತು. ಆಗ ಅದು ಸಣ್ಣ ಧೈರ್ಯವಾಗಿರಲಿಲ್ಲ. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬ ತತ್ವವನ್ನು 1946ರ ಭೋರ್ ಸಮಿತಿ ಇಡೀ ದೇಶದ ಮುಂದಿಟ್ಟಿತು. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ಆದರೆ ಅವುಗಳಿಗೆ ಬೇಕಾದಷ್ಟು ಹಣ ಹಿಂದೆಯೇ ಬರಲಿಲ್ಲ. ಶುಲ್ಕದ ಹಣದಲ್ಲೇ ನಡೆಯುವ ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜು 1953ರಲ್ಲಿ ಮಣಿಪಾಲದಲ್ಲಿ ಆರಂಭವಾಯಿತು. ಮುಂದೆ ನಮ್ಮ ರಾಜ್ಯ ಕ್ಯಾಪಿಟೇಶನ್ ಶುಲ್ಕಕ್ಕೆ ಎಷ್ಟು ಹೆಸರಾಯಿತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಕಾಯ್ದೆಯನ್ನೇ ತರಬೇಕಾಯಿತು, 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಡುಗಬೇಕಾಯಿತು. ಚಿಕಿತ್ಸೆ ಏಕೆ ದುಬಾರಿ ಎಂದು ಕೇಳುವವರು ವೈದ್ಯರ ಸೀಟು ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನೂ ಕೇಳಬೇಕಲ್ಲವೇ? ಅದನ್ನು ಕೇಳಿದವರು ಕಡಿಮೆ.

ನಿಜವಾದ ಚರ್ಚೆಗೆ ಜೀವ ಬಂದದ್ದು ಎಂಬತ್ತರ ದಶಕದಲ್ಲಿ. ನಾನು ಆಗಿನ ಸಮುದಾಯ ಆರೋಗ್ಯದ ಬಳಗದಲ್ಲೇ ಬೆಳೆದವನು, ಪಕ್ಷಪಾತ ಕಂಡರೆ ಓದುಗರು ಅಷ್ಟನ್ನು ಕಳೆದು ಓದಿಕೊಳ್ಳಲಿ. ಎಲ್ಲರಿಗೂ ಪ್ರಾಥಮಿಕ ಆರೈಕೆ ಎಂದ 1978ರ ಆಲ್ಮಾ ಆಟಾ ಘೋಷಣೆಯ ಬಿಸಿ ಇನ್ನೂ ಆರಿರಲಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ 1984ರಲ್ಲಿ ಬೆಂಗಳೂರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದರು. ಕುಡಿಯುವ ನೀರು, ಕೂಲಿ, ಜಾತಿ ಇವೆಲ್ಲ ರೋಗದ ಕಾರಣಗಳೇ ಎಂದು ಬೆಟ್ಟದ ಮೇಲಿನವರು ಕೆಲಸದಲ್ಲಿ ಕಂಡುಕೊಂಡರು, ಬೆಂಗಳೂರಿನವರು ಬರಹದಲ್ಲಿ ಹೇಳಿದರು. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸುದರ್ಶನ್ ಅವರದೇ ಕರುಣಾ ಟ್ರಸ್ಟ್ ವಹಿಸಿಕೊಂಡಾಗ, ಸರ್ಕಾರದ ಹಣದಲ್ಲೇ ಸರ್ಕಾರಿ ದವಾಖಾನೆ ಸರಿಯಾಗಿ ನಡೆಯಬಲ್ಲದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. ಹೀಗೆ ಸರ್ಕಾರೇತರ ಸಂಸ್ಥೆಗಳಿಗೆ ವಹಿಸುವುದೇ ಖಾಸಗೀಕರಣದ ಹಿಂಬಾಗಿಲು ಎಂದು ನಮ್ಮವರಲ್ಲೇ ಕೆಲವರು ಸಿಟ್ಟಾದರು. ಆ ಸಿಟ್ಟಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ.

ಅದೇ ವರ್ಷ ವಿಶ್ವಬ್ಯಾಂಕ್ ಸಾಲದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ರಾಜ್ಯಕ್ಕೆ ಬಂತು. ಕಟ್ಟಡಗಳು ಎದ್ದವು, ಜೊತೆಗೆ ಬಳಕೆದಾರರ ಶುಲ್ಕವೂ ಬಂತು. ಚೀಟಿಗೆ ಇಷ್ಟು, ಎಕ್ಸ್‌ರೇಗೆ ಇಷ್ಟು. ಬಡವರಿಗೆ ವಿನಾಯಿತಿ ಉಂಟು, ಆದರೆ ಬಡವನೆಂದು ರುಜುವಾತು ಮಾಡುವ ಭಾರ ಕಾಯಿಲೆ ಬಿದ್ದವನ ಮೇಲೆ. ರಾಯಚೂರಿನಲ್ಲಿ ಒಪೆಕ್ ನೆರವಿನಿಂದ ಕಟ್ಟಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಹೊಸ ಶತಮಾನದ ಆರಂಭದಲ್ಲಿ ಕಾರ್ಪೊರೇಟ್ ಸಂಸ್ಥೆಯೊಂದರ ಕೈಗೆ ಕೊಡಲಾಯಿತು. ಬಡವರಿಗೆ ಅಲ್ಲಿ ಸಿಗಬೇಕಾದದ್ದು ಸಿಗುತ್ತಿಲ್ಲ ಎಂಬ ದೂರು ಬೆಳೆಯುತ್ತಲೇ ಹೋಗಿ, ಸುಮಾರು ಹತ್ತು ವರ್ಷದ ನಂತರ ಆ ಒಪ್ಪಂದ ಮುಗಿಯಿತು. ಜಿಲ್ಲೆಗಳಲ್ಲಿ ಖಾಸಗಿ ಸಹಭಾಗಿತ್ವದ (ಪಿಪಿಪಿ) ವೈದ್ಯಕೀಯ ಕಾಲೇಜಿನ ಮಾತೆತ್ತುವವರು ಈ ಕಡತವನ್ನು ಒಮ್ಮೆ ಓದುವುದು ಒಳ್ಳೆಯದು.

ಎಸ್.ಎಂ. ಕೃಷ್ಣ ಸರ್ಕಾರ 1999ರಲ್ಲಿ ಸುದರ್ಶನ್ ಅಧ್ಯಕ್ಷತೆಯಲ್ಲಿ ರಚಿಸಿದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಿತು. ನನ್ನ ಮಟ್ಟಿಗೆ ಈ ರಾಜ್ಯದ ಆರೋಗ್ಯ ಚಿಂತನೆಯಲ್ಲಿ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. ಭ್ರಷ್ಟಾಚಾರವನ್ನು ಅದು ಹೆಸರಿಟ್ಟೇ ಹೇಳಿತು. ಆರೋಗ್ಯದ ಹಿಂದಿನ ರಾಜಕೀಯ ಅರ್ಥಶಾಸ್ತ್ರವನ್ನು ಕಡೆಗಣಿಸಿದ್ದೂ ಒಂದು ರೋಗವೇ ಎಂದಿತು. ಉತ್ತರ ಕರ್ನಾಟಕ ಹಿಂದೆ ಬಿದ್ದದ್ದನ್ನು ಮುಚ್ಚಿಡಲಿಲ್ಲ. ಲೋಕಾಯುಕ್ತದಲ್ಲಿ ಆರೋಗ್ಯಕ್ಕೆಂದೇ ಜಾಗೃತ ನಿರ್ದೇಶಕರ ಹುದ್ದೆ ಬಂದು, ಅದರಲ್ಲಿ ಸುದರ್ಶನ್ ಅವರೇ ಕುಳಿತರು. ಲಂಚ ತೆಗೆದುಕೊಂಡ ಡಾಕ್ಟರು ಸಿಕ್ಕಿಬಿದ್ದರೆ ಪೇಪರಿನಲ್ಲಿ ಸುದ್ದಿಯಾಗುತ್ತಿದ್ದ ಕಾಲ ಅದು. ವರದಿಯ ಆಧಾರದಲ್ಲಿ ನೀತಿಯೂ ರೂಪುಗೊಂಡಿತು, ಬಜೆಟ್ ಮಾತ್ರ ಬೇರೆ ದಾರಿ ಹಿಡಿಯಿತು.

ಆ ದಾರಿಯೇ ವಿಮೆಯ ಕಾರ್ಡು. ಸಹಕಾರ ಸಂಘದ ರೈತರಿಗೆ ತಿಂಗಳಿಗೆ 5 ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಯಶಸ್ವಿನಿಯ ಲೆಕ್ಕ ಚುರುಕಾಗಿತ್ತು, ಡಾ. ದೇವಿ ಶೆಟ್ಟಿ ಅವರ ಹೆಸರು ಅದಕ್ಕೆ ಬಲ ತಂದಿತು. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದ ದೊಡ್ಡ ಚಿಕಿತ್ಸೆಯನ್ನು ಕೊಟ್ಟಿತು. ನಮ್ಮ ಬಳಗ ಇದನ್ನು ಹೀಗಳೆದಷ್ಟೂ ಸರಿಯಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಯೋಜನೆಗೆ ಸೇರಿದ ರೋಗಗಳಿಂದಾದ ಸಾವು ಯೋಜನೆಯಿದ್ದ ಹಳ್ಳಿಗಳ ಬಡವರಲ್ಲಿ ಶೇ 64ರಷ್ಟು ಕಡಿಮೆಯಿತ್ತು. ಜೀವ ಉಳಿದದ್ದು ಉಳಿದದ್ದೇ. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಾಯಿತು. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಯಶಸ್ವಿನಿಯನ್ನು ಇದರೊಳಗೆ ಕರಗಿಸಿದರು, ರೈತರು ಬಿಡಲಿಲ್ಲ, ಕೆಲವೇ ವರ್ಷದಲ್ಲಿ ಮತ್ತೆ ತರಬೇಕಾಯಿತು.

ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಕಡಿವಾಣ ಹಾಕುವ ಪ್ರಶ್ನೆ ಮಾತ್ರ ಒಮ್ಮೆಯಷ್ಟೇ ಬೀದಿಗೆ ಬಂತು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು: ದರ ನಿಗದಿ, ದೂರು ಪ್ರಾಧಿಕಾರ, ತಪ್ಪಿದರೆ ಜೈಲು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ರಾಜ್ಯದುದ್ದಕ್ಕೂ ಹೊರರೋಗಿ ವಿಭಾಗ ಮುಚ್ಚಿದರು. ಸರ್ಕಾರ ಮಣಿಯಿತು. ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳ ಮಟ್ಟಿಗೆ ಉಳಿಯಿತು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಎಂಬಂಥ ಒಳ್ಳೆಯ ಅಂಶಗಳು ಪುಸ್ತಕದಲ್ಲಿ ಉಳಿದವು. ವೈದ್ಯರ ಆಕ್ಷೇಪದಲ್ಲಿ ಒಂದು ಮಾತಂತೂ ನ್ಯಾಯವಾಗಿತ್ತು: ಸರ್ಕಾರಿ ಆಸ್ಪತ್ರೆಗೇಕೆ ಇದೇ ನಿಯಮ ಇಲ್ಲ? ಮೂರು ವರ್ಷ ಕಳೆಯುವ ಮುಂಚೆ ಕೋವಿಡ್ ಬಂತು. ಅಸಾಧ್ಯವೆನ್ನಲಾಗಿದ್ದ ದರ ನಿಗದಿ 2020ರ ಜೂನ್‌ನಲ್ಲಿ ಒಂದು ಆದೇಶದಲ್ಲಿ ಆಯಿತು. ಸಾಂಕ್ರಾಮಿಕ ಹೋದದ್ದೇ ಅದೂ ಹೋಯಿತು. ಯಾವ ಪಕ್ಷವೂ ಆಮೇಲೆ ಆ ಮಾತೆತ್ತಿಲ್ಲ.

ಈ ಎಲ್ಲ ಗದ್ದಲದಲ್ಲಿ ಕಾಣದೆ ಹೋದದ್ದು ಹಾಸಿಗೆ ಹಿಡಿಯದ ರೋಗಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ಪರೀಕ್ಷೆ, ತಿಂಗಳಿಗೊಮ್ಮೆ ತಾಲ್ಲೂಕಿಗೆ ಹೋಗಿಬರುವ ಬಸ್ಸಿನ ಹಣ, ಆ ದಿನ ತಪ್ಪಿದ ಕೂಲಿ. ಜನ ಕೈಯಿಂದ ಹಾಕುವ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಔಷಧಿಗೆ, ಕಾರ್ಡು ಅದನ್ನು ಮುಟ್ಟುವುದಿಲ್ಲ. ಔಷಧಿ ಖರೀದಿ ಇಲಾಖೆಯ ಒಳಗಿನ ಗುಮಾಸ್ತಿಕೆ ಎಂದು ಭಾವಿಸಿದ್ದರ ಫಲ 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸರಣಿ ಸಾವಿನಲ್ಲಿ ಕಂಡಿತು. ಗ್ಲುಕೋಸ್ ಬಾಟಲಿಯಂತೆ ಏರಿಸುವ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿತ್ತು. ತಮಿಳುನಾಡು ತೊಂಬತ್ತರ ದಶಕದಲ್ಲೇ ನಿಗಮ ಕಟ್ಟಿ ಸರಿಪಡಿಸಿಕೊಂಡ ಕೆಲಸ ಈ ಔಷಧಿ ಖರೀದಿ. ಬಳಕೆದಾರರ ಶುಲ್ಕವೂ ಹೋಗಲಿಲ್ಲ: ಅದೇ 2024ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹೊರರೋಗಿ ಚೀಟಿ 10ರಿಂದ 20 ರೂಪಾಯಿಗೆ ಏರಿತು.

2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಮುಟ್ಟಬೇಕು, ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದು 2017ರ ರಾಷ್ಟ್ರೀಯ ನೀತಿ ಬರೆದಿತ್ತು. 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಇದ್ದದ್ದು ಶೇ 1.84. ಈ ಲೆಕ್ಕ ಕೇಳಬೇಕಾದವರು ದೆಹಲಿಯಲ್ಲಿ ಮಾತ್ರ ಇಲ್ಲ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ನಿಮ್ಮ ಊರಿನದು ಕೊನೆಯ ಸಭೆ ಯಾವಾಗ ಸೇರಿತು ಎಂದು ವಿಚಾರಿಸಿ, ಔಷಧಿ ದಾಸ್ತಾನಿನ ಪುಸ್ತಕ ತೆಗೆಸಿ ನೋಡಿ.